ಹೆಸರು ಅವರದು, ಮಾತು ನಮ್ಮದು

ಬೆಂಗಳೂರಿನ 93.5 ತರಂಗಾಂತರದಲ್ಲಿ ಮೊದಲು ಕೇಳಿಸಿದ್ದು ಎಸ್ ಎಫ್‌ಎಂ ಎಂಬ ಹೆಸರು. ಚೆನ್ನೈನ ಸನ್ ಸಮೂಹ ನಡೆಸುತ್ತಿದ್ದ ಈ ಕೇಂದ್ರಕ್ಕೆ ಮೈಸೂರು, ಮಂಗಳೂರು, ಕಲಬುರಗಿಗಳಲ್ಲಿಯೂ ಇದೇ ಸಂಖ್ಯೆಯ ಜೊತೆಗಾರರಿದ್ದರು. ಈ ಶತಮಾನದ ಮೊದಲ ದಶಕ ಮುಗಿಯುವ ಹೊತ್ತಿಗೆ ಅವೆಲ್ಲವೂ ರೆಡ್ ಎಫ್‌ಎಂ ಆದವು. ದೆಹಲಿ, ಮುಂಬೈ, ಕೋಲ್ಕತ್ತಗಳಲ್ಲಿ ಇಂಡಿಯಾ ಟುಡೇ ಸಮೂಹ ಹುಟ್ಟುಹಾಕಿ, ಆಮೇಲೆ ಸನ್ ಮತ್ತು ಅದರ ಪಾಲುದಾರರ ಕೈಗೆ ಬಂದಿದ್ದ ಹೆಸರು ಅದು. ಹಿಂದೆಯೇ ‘ಬಜಾತೇ ರಹೋ’ ಎಂಬ ಹಿಂದಿ ಘೋಷಣೆಯೂ ಬಂತು. ಹೆಸರು ಹೀಗೆ ಉತ್ತರದಿಂದ ಇಳಿದು ಬಂದ ಕಾಲದಲ್ಲಿಯೇ ಒಳಗಿನ ಹಾಡು ಮತ್ತು ಹರಟೆ ಕನ್ನಡಕ್ಕೆ ಇನ್ನಷ್ಟು ಹತ್ತಿರವಾದವು ಎಂಬುದು ಗಮನಿಸಬೇಕಾದ ಸಂಗತಿ. ಇದು ಒಂದು ಕೇಂದ್ರದ ಕತೆಯೂ ಅಲ್ಲ. ಈ ಶತಮಾನದ ಮೊದಲ ಇಪ್ಪತ್ತು ವರ್ಷ ಬೆಂಗಳೂರಿನ ಖಾಸಗಿ ಬಾನುಲಿಯಲ್ಲಿ ಎರಡು ಚಲನೆಗಳು ಎದುರುಬದುರಾಗಿ ನಡೆದವು. ಹೆಸರುಗಳು ಅಖಿಲ ಭಾರತದ ಕಡೆಗೆ ಹೋದವು, ಮಾತು ಕನ್ನಡದ ಕಡೆಗೆ ಬಂತು. ಮೊದಲನೆಯದನ್ನು ನೋಡಿದವರು ಪ್ರಾದೇಶಿಕತೆ ಸತ್ತಿತೆಂದು ಕೊರಗಿದರು, ಎರಡನೆಯದನ್ನು ನೋಡಿದವರು ಕನ್ನಡ ಗೆದ್ದಿತೆಂದು ಹಿಗ್ಗಿದರು. ನನ್ನ ವಾದ ಇಷ್ಟು: ಇವು ಎರಡೂ ಒಂದೇ ಲೆಕ್ಕದ ಎರಡು ಕಾಲಂಗಳು. ಹೆಸರನ್ನು ಇಡುವುದು ಜಾಹೀರಾತು ಕೊಡುವವನಿಗಾಗಿ, ಭಾಷೆಯನ್ನು ಆರಿಸುವುದು ಕೇಳುವವನಿಗಾಗಿ. ಆ ಲೆಕ್ಕದೊಳಗೆ ಕನ್ನಡಕ್ಕೆ ಎಷ್ಟು ಸಿಕ್ಕಿತು, ಏನು ಸಿಗಲಿಲ್ಲ ಎಂಬುದನ್ನು ಬೋರ್ಡು ನೋಡಿ ತೀರ್ಮಾನಿಸಲು ಬರುವುದಿಲ್ಲ.

ಬಾನುಲಿಗೆ ಹೆಸರಿಡುವ ವಿಷಯದಲ್ಲಿ ನಮ್ಮ ನಾಡಿಗೆ ಹಳೆಯ ಇತಿಹಾಸವಿದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆ ವಿಠಲ ವಿಹಾರದಿಂದ ಪ್ರಸಾರ ಆರಂಭಿಸಿದಾಗ ಅವರ ಬಳಿ ಇದ್ದದ್ದು 30 ವಾಟ್‌ನ ಪುಟ್ಟ ಯಂತ್ರ. ಆ ಕೇಂದ್ರಕ್ಕೆ ಆಕಾಶವಾಣಿ ಎಂದು ಹೆಸರಾಯಿತು. ಬ್ರಿಟಿಷ್ ಭಾರತದ ಸರ್ಕಾರಿ ಬಾನುಲಿ ‘ಆಲ್ ಇಂಡಿಯಾ ರೇಡಿಯೋ’ ಎಂದು ಕರೆಸಿಕೊಂಡದ್ದು ಅದಾಗಿ ಒಂಬತ್ತು ತಿಂಗಳ ಮೇಲೆ, 1936ರ ಜೂನ್‌ನಲ್ಲಿ. ಮುಂದೆ ಮೈಸೂರಿನ ಕೇಂದ್ರ ಸಂಸ್ಥಾನದ ಸರ್ಕಾರದ ಕೈಸೇರಿತು, ಸ್ವಾತಂತ್ರ್ಯಾನಂತರ ಕೇಂದ್ರ ಸರ್ಕಾರದ ಜಾಲಕ್ಕೆ ಸೇರಿತು, 1955ರಲ್ಲಿ ಬೆಂಗಳೂರಿಗೆ ವರ್ಗವಾಯಿತು. ಮೈಸೂರಿಗೆ ಮತ್ತೆ ತನ್ನದೇ ಕೇಂದ್ರ ಬಂದದ್ದು 1974ರಲ್ಲಿ. ಈ ನಡುವೆ ಇಡೀ ದೇಶದ ಸರ್ಕಾರಿ ಬಾನುಲಿ ಆಕಾಶವಾಣಿ ಎಂಬ ಹೆಸರನ್ನು ತನ್ನದಾಗಿಸಿಕೊಂಡಿತ್ತು. ಒಂಟಿಕೊಪ್ಪಲಿನ ಹೆಸರು ದೆಹಲಿಗೆ ಹೋಯಿತು, ಒಂಟಿಕೊಪ್ಪಲಿನ ಕೇಂದ್ರ ಸುಮಾರು ಇಪ್ಪತ್ತು ವರ್ಷ ಇಲ್ಲದಾಯಿತು. ಹೆಸರು ಉಳಿದ ಮಾತ್ರಕ್ಕೆ ಸ್ಥಳ ಉಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ನಮಗೆ ಬೇಡ. ಆದ್ದರಿಂದಲೇ, ಹೊರಗಿನ ಹೆಸರು ಬಂದ ಮಾತ್ರಕ್ಕೆ ಸ್ಥಳ ಅಳಿಯಿತು ಎನ್ನುವ ಮಾತನ್ನೂ ಪರೀಕ್ಷಿಸಿಯೇ ಒಪ್ಪಬೇಕಾಗುತ್ತದೆ.

ಸರ್ಕಾರಿ ಬಾನುಲಿಯೂ ಕೇಳುಗರನ್ನು ಕಳೆದುಕೊಳ್ಳಬಲ್ಲದು ಎಂಬ ಪಾಠ ಬಂದದ್ದು ಕೊಲಂಬೊದಿಂದ. 1952ರಿಂದ 1962ರವರೆಗೆ ವಾರ್ತಾ ಮತ್ತು ಪ್ರಸಾರ ಸಚಿವರಾಗಿದ್ದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡೆಂದರೆ ಆಗುತ್ತಿರಲಿಲ್ಲ. ಆಕಾಶವಾಣಿಯಲ್ಲಿ ಅದಕ್ಕೆ ಕಡಿವಾಣ ಬಿತ್ತು. ಜನ ಬೇಸರಪಟ್ಟುಕೊಂಡು ಕೂರಲಿಲ್ಲ, ಮುಳ್ಳು ತಿರುಗಿಸಿ ರೇಡಿಯೋ ಸಿಲೋನ್ ಹಾಕಿಕೊಂಡರು. ಜಾಹೀರಾತಿನ ಹಣವೂ ಅವರ ಹಿಂದೆಯೇ ಸಮುದ್ರ ದಾಟಿತು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿದ್ದು ಈ ಸೋಲಿಗೆ ಉತ್ತರವಾಗಿ. ಹತ್ತು ವರ್ಷದ ನಂತರ, 1967ರ ನವೆಂಬರ್‌ನಲ್ಲಿ ಮುಂಬೈ, ಪುಣೆ, ನಾಗಪುರಗಳಿಂದ ಅದರಲ್ಲಿ ಜಾಹೀರಾತು ಕೇಳಿಸತೊಡಗಿತು. ಭಾರತದ ವಾಣಿಜ್ಯ ಬಾನುಲಿಯ ನಿಜವಾದ ಆರಂಭ ಇದು, ಖಾಸಗಿ ಎಫ್‌ಎಂ ಅಲ್ಲ. ಕೇಳುಗ ಎದ್ದು ಹೋದರೆ ಸರ್ಕಾರವೂ ಹೆಸರು ಬದಲಿಸಿ ಅಂಗಡಿ ತೆರೆಯುತ್ತದೆ. ಬೆಂಗಳೂರಿನ 101.3ರಲ್ಲಿ ಎಫ್‌ಎಂ ರೇನ್‌ಬೋ ಎಂಬ ರಾಷ್ಟ್ರೀಯ ಹೆಸರಿಗೆ ‘ಕನ್ನಡ ಕಾಮನಬಿಲ್ಲು’ ಎಂಬ ಬಾಲ ಸೇರಿದ್ದು ಅದೇ ಸಂಪ್ರದಾಯದಲ್ಲಿ. ಮೇಲಿನ ಹೆಸರು ದೆಹಲಿಗೆ, ಕೆಳಗಿನದು ಕೇಳುಗನಿಗೆ.

ಬೆಂಗಳೂರಿನ ಉತ್ತರದ ಅಂಚಿನಲ್ಲಿ ಈ ಕತೆಗೆ ಒಂದು ವಿಚಿತ್ರ ಹಿನ್ನೆಲೆಯಿದೆ. ಯಲಹಂಕದಲ್ಲಿ ಆಕಾಶವಾಣಿಯ ಸೂಪರ್ ಪವರ್ ಟ್ರಾನ್ಸ್‌ಮಿಟರ್ ಕೇಂದ್ರವಿದೆ. 1990ರ ದಶಕದಲ್ಲಿ ಅಲ್ಲಿ ನೆಲೆಗೊಂಡ ಶಾರ್ಟ್‌ವೇವ್ ಯಂತ್ರಗಳು ಒಂದೊಂದೂ 500 ಕಿಲೋವಾಟ್ ಶಕ್ತಿಯವು. ದೂರದ ಖಂಡಗಳಿಗೆ ವಿದೇಶಿ ಭಾಷೆಗಳಲ್ಲಿ ಭಾರತದ ಮಾತು ತಲುಪಿಸುವುದು ಅವುಗಳ ಕೆಲಸ. ಅಲ್ಲಿಂದ ಕೆಲವೇ ಮೈಲಿ ದೂರದ ಚಿಕ್ಕಜಾಲದ ಮಂದಿಗೆ ತಮ್ಮ ಊರಿನ ಮಾತು ಕೇಳಿಸಬೇಕಾದರೆ ರಾಜಭವನ ರಸ್ತೆಯ ಆಕಾಶವಾಣಿ ಭವನವೊಂದೇ ಗತಿಯಾಗಿತ್ತು. ಗಾಳಿಯ ಮೇಲೆ ಸರ್ಕಾರಕ್ಕಿದ್ದ ಈ ಏಕಸ್ವಾಮ್ಯವನ್ನು ತಾತ್ವಿಕವಾಗಿ ಮುರಿದದ್ದು 1995ರ ಫೆಬ್ರವರಿ 9ರ ಸುಪ್ರೀಂ ಕೋರ್ಟ್ ತೀರ್ಪು. ಬಂಗಾಳದ ಕ್ರಿಕೆಟ್ ಸಂಘದ ಮೊಕದ್ದಮೆಯಲ್ಲಿ ನ್ಯಾಯಾಲಯ ತರಂಗಾಂತರ ಸಾರ್ವಜನಿಕ ಆಸ್ತಿ ಎಂದು ಸಾರಿತು. ಸಾರ್ವಜನಿಕರ ಆಸ್ತಿ ಎಂದರೆ ಸಾರ್ವಜನಿಕರಿಗೆ ಕೊಡಬೇಕು ಎಂದು ಕೆಲವರು ಅರ್ಥ ಮಾಡಿಕೊಂಡರು. ಸರ್ಕಾರ ಮಾತ್ರ ಹರಾಜು ಹಾಕಬಹುದು ಎಂದು ಅರ್ಥ ಮಾಡಿಕೊಂಡಿತು. ನಲವತ್ತು ನಗರಗಳ 108 ತರಂಗಾಂತರಗಳನ್ನು ಹರಾಜಿಗಿಟ್ಟ ಮೊದಲ ಹಂತದಲ್ಲಿ ಕೊನೆಗೆ ಪ್ರಸಾರಕ್ಕೆ ನಿಂತದ್ದು 21. ಅವುಗಳಲ್ಲಿ ಎಲ್ಲಕ್ಕಿಂತ ಮೊದಲು, 2001ರ ಜುಲೈ 3ರಂದು, ಬೆಂಗಳೂರಿನಿಂದ ರೇಡಿಯೋ ಸಿಟಿ ಮಾತನಾಡಿತು. ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ಕರ್ನಾಟಕದ ರಾಜಧಾನಿಯಲ್ಲಿ ಹುಟ್ಟಿತು, ಆದರೆ ಅದರ ಬಾಯಿಗೆ ಬಂದ ಮೊದಲ ಭಾಷೆ ಕನ್ನಡವಾಗಿರಲಿಲ್ಲ.

ಅದಕ್ಕೆ ಯಾರ ದ್ವೇಷವೂ ಕಾರಣವಲ್ಲ. ಮೊದಲ ಹಂತದ ಪರವಾನಗಿಯ ಷರತ್ತನ್ನು ನೋಡಿದರೆ ಸಾಕು. ಹರಾಜಿನಲ್ಲಿ ಕೂಗಿದ ಮೊತ್ತವನ್ನು ವರ್ಷ ವರ್ಷವೂ ಕಟ್ಟಬೇಕು, ಅದು ವರ್ಷಕ್ಕೆ ಶೇ 15ರಂತೆ ಏರುತ್ತ ಹೋಗುತ್ತದೆ. ಐದು ವರ್ಷ ಕಳೆಯುವುದರೊಳಗೆ ಶುಲ್ಕ ಎರಡು ಪಟ್ಟಾಗುವ ಲೆಕ್ಕ ಅದು. ವರಮಾನ ಬಂತೋ ಇಲ್ಲವೋ ಕೇಳುವವರಿಲ್ಲ. ಇಂಥ ಹೊರೆ ಹೊತ್ತ ಕೇಂದ್ರ ಎಲ್ಲರನ್ನೂ ತಲುಪುವ ಗೋಜಿಗೆ ಹೋಗುವುದಿಲ್ಲ. ಹೆಚ್ಚು ಬೆಲೆಯ ಜಾಹೀರಾತು ಯಾವ ಕಿವಿಗಳನ್ನು ಹುಡುಕುತ್ತಿದೆಯೋ ಆ ಕಿವಿಗಳನ್ನು ಹಿಡಿಯುತ್ತದೆ. 2001ರ ಬೆಂಗಳೂರಿನಲ್ಲಿ ಮುಂಬೈಯ ಜಾಹೀರಾತು ಏಜೆನ್ಸಿಗಳ ಕಣ್ಣಿಗೆ ಬಿದ್ದಿದ್ದ ಗಿರಾಕಿ ಎಂದರೆ ಸಾಫ್ಟ್‌ವೇರ್ ಕಂಪನಿಯ ಹೊಸ ಉದ್ಯೋಗಿ, ಪಬ್ಬಿಗೆ ಹೋಗುವ ಹುಡುಗ, ಮೊಬೈಲ್ ಕೊಳ್ಳುವ ವಿದ್ಯಾರ್ಥಿ. ಇವರೆಲ್ಲ ಇಂಗ್ಲಿಷ್ ಮತ್ತು ಹಿಂದಿ ಹಾಡು ಕೇಳುವವರು ಎಂಬುದು ಏಜೆನ್ಸಿಗಳ ನಂಬಿಕೆ. ಅವರಲ್ಲಿ ಅರ್ಧ ಜನ ಹಾಸನ, ತುಮಕೂರು, ದಾವಣಗೆರೆಗಳಿಂದ ಬಂದವರಿರಬಹುದು ಎಂಬ ಸಂಶಯ ಕೂಡ ಆ ನಂಬಿಕೆಯೊಳಗೆ ಇರಲಿಲ್ಲ. ಸುಮಾರು ಐದು ವರ್ಷ ನಗರದಲ್ಲಿ ಬೇರೆ ಖಾಸಗಿ ಕೇಂದ್ರವಿಲ್ಲದ್ದರಿಂದ ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡುವ ಅಗತ್ಯವೂ ಬೀಳಲಿಲ್ಲ. ಮೂರು ಭಾಷೆಗಳ ಕಲಬೆರಕೆಯಲ್ಲಿ ಕನ್ನಡ ಉಪ್ಪಿನಕಾಯಿಯಷ್ಟಿತ್ತು.

2005ರ ಜುಲೈಯಲ್ಲಿ ಬಂದ ಎರಡನೆಯ ಹಂತದ ನೀತಿ ಈ ಲೆಕ್ಕವನ್ನೇ ತಲೆಕೆಳಗು ಮಾಡಿತು. ಒಂದು ಸಲದ ಪ್ರವೇಶ ಶುಲ್ಕ, ಆಮೇಲೆ ಒಟ್ಟು ವರಮಾನದಲ್ಲಿ ಶೇ 4ರ ಪಾಲು ಎಂದಾಯಿತು. ಕೇಂದ್ರ ಗಳಿಸಿದರೆ ಸರ್ಕಾರಕ್ಕೂ ಗಳಿಕೆ. 2006 ಮತ್ತು 2007ರೊಳಗೆ ಬೆಂಗಳೂರಿಗೆ ರೇಡಿಯೋ ಮಿರ್ಚಿ 98.3ರಲ್ಲಿ, ಬಿಗ್ ಎಫ್‌ಎಂ 92.7ರಲ್ಲಿ, ಎಸ್ ಎಫ್‌ಎಂ 93.5ರಲ್ಲಿ, ರೇಡಿಯೋ ಒನ್ 94.3ರಲ್ಲಿ, ರೇಡಿಯೋ ಇಂಡಿಗೋ 91.9ರಲ್ಲಿ, ಫೀವರ್ 104ರಲ್ಲಿ ಬಂದು ಕೂತವು. ಒಂದಿದ್ದದ್ದು ಏಳಾಯಿತು. ಏಳು ಕೇಂದ್ರಗಳು ಒಂದೇ ಸಾಫ್ಟ್‌ವೇರ್ ಹುಡುಗನ ಹಿಂದೆ ಬಿದ್ದರೆ ಒಬ್ಬರ ಹೊಟ್ಟೆಯೂ ತುಂಬುವುದಿಲ್ಲ. ಕನ್ನಡದ ಕೇಳುಗ ಆಗ ಲೆಕ್ಕಕ್ಕೆ ಬಂದ. ಅವನು ಹೊಸದಾಗಿ ಹುಟ್ಟಿದವನಲ್ಲ, ಆಟೋದಲ್ಲಿ, ಗ್ಯಾರೇಜಿನಲ್ಲಿ, ಬೇಕರಿಯಲ್ಲಿ, ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ, ಅಡುಗೆಮನೆಯಲ್ಲಿ, ಐಟಿ ಕಂಪನಿಯ ಬಸ್ಸಿನಲ್ಲಿ ಕೂಡ ಇದ್ದವನೇ. ಲೆಕ್ಕದ ಪುಸ್ತಕದಲ್ಲಿ ಅವನ ಹೆಸರು ಬರೆದಿರಲಿಲ್ಲ ಅಷ್ಟೆ. ದೇಶದ ಬೇರೆಡೆ ‘ಇಟ್ಸ್ ಹಾಟ್’ ಎನ್ನುತ್ತಿದ್ದ ಮಿರ್ಚಿ ಇಲ್ಲಿ ‘ಸಖತ್ ಹಾಟ್ ಮಗಾ’ ಎಂದದ್ದು ಆ ಪುಸ್ತಕದಲ್ಲಿ ಆದ ತಿದ್ದುಪಡಿ. ಕೆಲವೇ ವರ್ಷಗಳಲ್ಲಿ ಮಿರ್ಚಿ, ಬಿಗ್, ರೆಡ್, ಕೊನೆಗೆ ಸಿಟಿ ಕೂಡ, ಹೆಚ್ಚು ಜನ ಕೇಳುವ ಕೇಂದ್ರಗಳೆಲ್ಲ ಕನ್ನಡದವಾದವು.

ಕಾಲವೂ ಕೂಡಿಬಂತು ಎನ್ನಬೇಕು. 2006 ಏಕೀಕರಣದ ಐವತ್ತನೆಯ ವರ್ಷ, ಸುವರ್ಣ ಕರ್ನಾಟಕದ ಸಂಭ್ರಮ. ಆ ವರ್ಷದ ಏಪ್ರಿಲ್ 12ರಂದು ರಾಜ್‌ಕುಮಾರ್ ತೀರಿಕೊಂಡರು. ಕನ್ನಡ ಚಿತ್ರಗೀತೆಯ ಒಂದು ಯುಗ ಅಲ್ಲಿಗೆ ಮುಗಿಯಿತೆಂದು ಎಲ್ಲರಿಗೂ ಅನಿಸಿತು. ಡಿಸೆಂಬರ್ 29ಕ್ಕೆ ‘ಮುಂಗಾರು ಮಳೆ’ ತೆರೆಕಂಡಿತು. ಮನೋಮೂರ್ತಿ ಅವರ ಸಂಗೀತ, ಜಯಂತ ಕಾಯ್ಕಿಣಿ ಮತ್ತು ಯೋಗರಾಜ ಭಟ್ಟರ ಸಾಹಿತ್ಯ ಹೊಸ ಎಫ್‌ಎಂ ಕೇಂದ್ರಗಳಿಗೆ ಹೇಳಿ ಮಾಡಿಸಿದಂತಿದ್ದವು. ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ಆ ಚಿತ್ರ ವರ್ಷಕ್ಕೂ ಮೀರಿ ಓಡಿತು. ಮಾಲ್‌ನಲ್ಲಿ ಟಿಕೆಟ್ ಕೊಳ್ಳುವವನು ಕನ್ನಡ ನೋಡುವುದಿಲ್ಲ ಎಂಬ ಏಜೆನ್ಸಿಗಳ ನಂಬಿಕೆಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಬೀಳಲಿಲ್ಲ. ಬೆನ್ನಿಗೇ ‘ದುನಿಯಾ’, ‘ಮಿಲನ’, ‘ಗಾಳಿಪಟ’ಗಳ ಹಾಡುಗಳು ಬಂದವು. ದಿನವಿಡೀ ನುಡಿಸಲು ಹೊಸ ಹಾಡಿಲ್ಲದೆ ಯಾವ ಎಫ್‌ಎಂ ಕೇಂದ್ರವೂ ಒಂದು ಭಾಷೆಗೆ ಪೂರ್ತಿ ಒಗ್ಗಿಕೊಳ್ಳಲಾರದು; ಬಾನುಲಿ ಇಲ್ಲದೆ ಆ ಹಾಡುಗಳೂ ಅಷ್ಟು ಬೇಗ ಬಾಯಿಂದ ಬಾಯಿಗೆ ಹರಡುತ್ತಿರಲಿಲ್ಲ. ‘ಮುಂಗಾರು ಮಳೆ’ಯ ಅತಿ ಜನಪ್ರಿಯ ಹಾಡಿಗೆ ದನಿ ಕೊಟ್ಟವರು ಉತ್ತರದ ಗಾಯಕ ಸೋನು ನಿಗಮ್. ಹೆಸರು ಅಲ್ಲಿಯದು, ಮಾತು ಇಲ್ಲಿಯದು ಎಂಬ ಸೂತ್ರ ಬಾನುಲಿಯ ಕಚೇರಿಯಲ್ಲಿ ಮಾತ್ರವಲ್ಲ, ರೆಕಾರ್ಡಿಂಗ್ ಸ್ಟುಡಿಯೋದಲ್ಲಿಯೂ ನಡೆಯುತ್ತಿತ್ತು.

ಕೇಳುಗ ಎಲ್ಲಿ ಕೂತು ಕೇಳುತ್ತಾನೆ ಎಂಬುದೂ ಈ ವರ್ಷಗಳಲ್ಲಿ ಬದಲಾಯಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಹೆಬ್ಬಾಳದಿಂದ ಯಲಹಂಕ, ಹುಣಸಮಾರನಹಳ್ಳಿ, ಚಿಕ್ಕಜಾಲ, ಸಾದಹಳ್ಳಿ ಹಾದು ಹೋಗುವ ಬಳ್ಳಾರಿ ರಸ್ತೆ ಹಗಲು ರಾತ್ರಿ ಕಾರುಗಳ ಹಾದಿಯಾಯಿತು. ಟ್ಯಾಕ್ಸಿಯ ಮುಂದಿನ ಸೀಟಿನಲ್ಲಿ ಮಂಡ್ಯದವನೋ ಚಿಂತಾಮಣಿಯವನೋ ಆದ ಚಾಲಕ, ಹಿಂದಿನ ಸೀಟಿನಲ್ಲಿ ಪ್ರಯಾಣಿಕ. ರೇಡಿಯೋದ ಗುಂಡಿ ಇರುವುದು ಮುಂದೆ. ಜಾಹೀರಾತುದಾರ ಹಿಂದೆ ಕೂತವನನ್ನು ನೆನೆದು ಹಣ ಕೊಟ್ಟರೂ, ಕೇಂದ್ರವನ್ನು ಆರಿಸುವವನು ಚಾಲಕ. ಕೇಳುಗರ ಸಂಖ್ಯೆಯ ಸಮೀಕ್ಷೆಗಳಲ್ಲಿ ಕನ್ನಡ ಕೇಂದ್ರಗಳು ಮೇಲೆ ಬಂದದ್ದಕ್ಕೆ ಇಂಥ ಸಾವಿರಾರು ಗುಂಡಿಗಳೇ ಕಾರಣ ಎಂದು ನಾನು ಊಹಿಸುತ್ತೇನೆ. ಊಹೆಯೆಂದೇ ಇದನ್ನು ಓದುಗರು ತೆಗೆದುಕೊಳ್ಳಲಿ.

ಮಾತು ಹೀಗೆ ಇಲ್ಲಿಯದಾಗುತ್ತಿದ್ದಾಗ ಹೆಸರೇಕೆ ಅಲ್ಲಿಯದಾಯಿತು? ಉತ್ತರ ಪರವಾನಗಿಯ ಸ್ವರೂಪದಲ್ಲಿದೆ. ಇದೇ ಸನ್ ಸಮೂಹ ಟಿವಿಯಲ್ಲಿ ಮಾಡಿದ್ದು ಬೇರೆ. ತಮಿಳಿಗೆ ಸನ್, ತೆಲುಗಿಗೆ ಜೆಮಿನಿ, ಮಲಯಾಳಕ್ಕೆ ಸೂರ್ಯ, ಕನ್ನಡಕ್ಕೆ ಉದಯ ಎಂದು ಭಾಷೆಗೊಂದು ಹೆಸರಿಟ್ಟಿತು. ಉಪಗ್ರಹದಿಂದ ಇಳಿಯುವ ಟಿವಿ ವಾಹಿನಿಗೆ ಬೀದರ್‌ನಿಂದ ಚಾಮರಾಜನಗರದವರೆಗೆ ಇಡೀ ಕರ್ನಾಟಕ ಒಂದೇ ಮಾರುಕಟ್ಟೆ. ಅಲ್ಲಿ ಕನ್ನಡ ಹೆಸರೇ ವ್ಯಾಪಾರದ ಹೆಸರು. ಎಫ್‌ಎಂ ಪರವಾನಗಿಯನ್ನು ಸರ್ಕಾರ ಕೊಟ್ಟದ್ದು ರಾಜ್ಯಕ್ಕಲ್ಲ, ಭಾಷೆಗಲ್ಲ, ಊರಿಗೆ. ಎರಡನೆಯ ಹಂತದಲ್ಲಿ ಒಂದು ಊರಿನಲ್ಲಿ ಒಬ್ಬರಿಗೆ ಒಂದೇ ಕೇಂದ್ರ. ದೇಶದ ಒಟ್ಟು ಕೇಂದ್ರಗಳಲ್ಲಿ ಒಂದು ಕಂಪನಿಗೆ ಶೇ 15ಕ್ಕಿಂತ ಹೆಚ್ಚಿರಲಿಲ್ಲ. ಒಂದು ಊರಿನ ಕಾರ್ಯಕ್ರಮವನ್ನು ಇನ್ನೊಂದು ಊರಿಗೆ ಹಂಚುವ ಅನುಮತಿ ಆಗ ಸಣ್ಣ ಪಟ್ಟಣಗಳ ನಡುವೆ ಮಾತ್ರ ಇತ್ತು. ಬೆಂಗಳೂರಿನ ಕಾರ್ಯಕ್ರಮ ಮೈಸೂರಿನಲ್ಲಿಯೂ ಮಂಗಳೂರಿನಲ್ಲಿಯೂ ಏಕಕಾಲಕ್ಕೆ ಕೇಳಿಸುವ ಒಂದು ಕರ್ನಾಟಕ ಬಾನುಲಿ ಜಾಲ ಕಟ್ಟಲು ಕಾನೂನೇ ಬಿಡಲಿಲ್ಲ. ನಾಲ್ಕು ಊರುಗಳಲ್ಲಿ ಹರಿದು ಹಂಚಿಹೋದ ಕೇಂದ್ರಗಳನ್ನು ಒಟ್ಟಾಗಿ ಮಾರಲು ಉಳಿದದ್ದು ಒಂದೇ ದಾರಿ: ಜೈಪುರ, ಲಖನೌ, ಹೈದರಾಬಾದುಗಳ ಜೊತೆಗೆ ಒಂದೇ ಹೆಸರಿನ ಕಟ್ಟಿನಲ್ಲಿ ಸೇರಿಸಿ ಮುಂಬೈ, ಗುರುಗ್ರಾಮಗಳ ಏಜೆನ್ಸಿಗಳ ಮೇಜಿನ ಮೇಲಿಡುವುದು. ಸೋಪು, ಮೊಬೈಲ್, ವಿಮೆ ಮಾರುವ ದೊಡ್ಡ ಕಂಪನಿ ಇಂಥ ಕಟ್ಟನ್ನೇ ಕೊಳ್ಳುತ್ತದೆ. ಎಸ್ ಎಫ್‌ಎಂ ಎಂಬ ಹೆಸರು ದಕ್ಷಿಣದಲ್ಲಿ ಮಾತ್ರ ಗೊತ್ತು, ರೆಡ್ ಎಂಬುದು ಎಲ್ಲೆಡೆ ಗೊತ್ತು. ಮಲ್ಲೇಶ್ವರದ ಸೀರೆ ಅಂಗಡಿಯವನಿಗೆ, ಯಲಹಂಕದ ಬಡಾವಣೆಯಲ್ಲಿ ಸೈಟು ಮಾರುವವನಿಗೆ ಆ ಹೆಸರಿನಿಂದ ಲಾಭವೂ ಇಲ್ಲ ನಷ್ಟವೂ ಇಲ್ಲ. ತನ್ನ ಜಾಹೀರಾತನ್ನು ಕನ್ನಡದಲ್ಲಿ ಓದಿದರೆ ಅವನಿಗೆ ಸಾಕು. ಹೆಸರು ಬದಲಾವಣೆಗೆ ಸ್ಥಳೀಯ ವ್ಯಾಪಾರಿಯಿಂದಾಗಲಿ ಕೇಳುಗನಿಂದಾಗಲಿ ದೊಡ್ಡ ಪ್ರತಿರೋಧ ಬರದೆ ಹೋದದ್ದು ಇದರಿಂದ.

ಇಲ್ಲಿಗೆ ಒಂದು ಬಲವಾದ ಆಕ್ಷೇಪ ಏಳುತ್ತದೆ. ಎಫ್‌ಎಂಗಳನ್ನು ಕನ್ನಡಕ್ಕೆ ತಂದದ್ದು ಮಾರುಕಟ್ಟೆಯಲ್ಲ, ಕನ್ನಡಪರ ಸಂಘಟನೆಗಳ ಹೋರಾಟ. ಪತ್ರ ಬರೆದವರು, ಧರಣಿ ಕೂತವರು ಇಲ್ಲದಿದ್ದರೆ ಇಂದಿಗೂ ಹಿಂದಿ ಹಾಡೇ ಕೇಳಬೇಕಿತ್ತು ಎನ್ನುವವರಿದ್ದಾರೆ. ಈ ಮಾತನ್ನು ತಳ್ಳಿಹಾಕುವುದು ಕೃತಘ್ನತೆ. ಬೇಡಿಕೆ ಇದೆ ಎಂದು ಮಾಲೀಕರ ಬಾಗಿಲು ತಟ್ಟಿ ಹೇಳಿದವರು ಅವರು. ಸಮೀಕ್ಷೆಗಳು ಕಾಣದಿದ್ದ ಕೇಳುಗನಿಗೆ ಮುಖ ಕೊಟ್ಟವರೂ ಅವರೇ. ಆದರೆ ಹೋರಾಟವೊಂದೇ ಕಾರಣ ಎನ್ನುವುದಕ್ಕೆ ಇಂಡಿಗೋ ಅಡ್ಡ ಬರುತ್ತದೆ. 91.9ರ ರೇಡಿಯೋ ಇಂಡಿಗೋ ಶುರುವಿನಿಂದ ಇಂಗ್ಲಿಷ್ ಹಾಡಿನ ಕೇಂದ್ರ. ಒತ್ತಡಕ್ಕೆ ಎಲ್ಲರೂ ಮಣಿದಿದ್ದರೆ ಎಲ್ಲಕ್ಕಿಂತ ಮೊದಲು ಮಣಿಯಬೇಕಾಗಿದ್ದದ್ದು ಅದು. ಮಣಿಯಲಿಲ್ಲ. ಇಂಗ್ಲಿಷ್ ಹಾಡನ್ನೇ ಬೇಡುವ ಸಣ್ಣ, ಹಣವಂತ ಕೇಳುಗ ವರ್ಗ ಅದೊಂದಕ್ಕೇ ಪೂರ್ತಿ ಸಿಕ್ಕಿದ್ದೇ ಅದಕ್ಕೆ ಕಾರಣ. 2015ರ ಮೂರನೆಯ ಹಂತದ ಹರಾಜು ಇನ್ನೊಂದು ಸಾಕ್ಷಿ. ಒಂದೇ ಊರಿನಲ್ಲಿ ಒಂದಕ್ಕಿಂತ ಹೆಚ್ಚು ಕೇಂದ್ರ ಹೊಂದಲು ಆಗ ಅವಕಾಶವಾಯಿತು. ಬೆಂಗಳೂರಿನಲ್ಲಿ ಹರಾಜಿಗಿದ್ದ ಒಂದೇ ಒಂದು ತರಂಗಾಂತರಕ್ಕೆ ಮಿರ್ಚಿಯ ಕಂಪನಿ 109 ಕೋಟಿ ರೂಪಾಯಿಗೂ ಹೆಚ್ಚು ಕೊಟ್ಟಿತು. ಕನ್ನಡದ 98.3 ಹಾಗೆಯೇ ಉಳಿಯಿತು, ಹೊಸ 95ರಲ್ಲಿ ಹಿಂದಿ ಹಾಡು ಬಂತು. ಅದೇ ಮಾಲೀಕ, ಅದೇ ಹೆಸರು, ಎರಡು ಕೇಳುಗ ವರ್ಗಕ್ಕೆ ಎರಡು ಭಾಷೆ. ಭಾಷಾಭಿಮಾನವೂ ಭಾಷಾದ್ವೇಷವೂ ಈ ನಿರ್ಧಾರದ ಹತ್ತಿರ ಸುಳಿದಿರಲಾರವು.

ಇಂಡಿಗೋ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗುವುದು ಕಷ್ಟ. ಈ ಏಳು ಕೇಂದ್ರಗಳ ಮಾಲೀಕರ ಮೂಲ ಹುಡುಕಿದರೆ ಮಿರ್ಚಿ ಟೈಮ್ಸ್ ಸಮೂಹದ್ದು, ಬಿಗ್ ಅನಿಲ್ ಅಂಬಾನಿಯವರ ರಿಲಯನ್ಸ್‌ನದು, ಫೀವರ್ ಹಿಂದುಸ್ತಾನ್ ಟೈಮ್ಸ್‌ನದು, ರೇಡಿಯೋ ಒನ್ ಮುಂಬೈಯ ಮಿಡ್‌ಡೇ ಸಮೂಹದ್ದು, ಎಸ್ ಎಫ್‌ಎಂ ಚೆನ್ನೈಯದು. ಸಿಟಿಯ ಹಿಂದೆ ಮೊದಲಿಗೆ ಸ್ಟಾರ್ ಇತ್ತು, ಕಳೆದ ದಶಕದ ನಡುವಿನಲ್ಲಿ ಹಿಂದಿಯ ದೊಡ್ಡ ಪತ್ರಿಕಾ ಸಮೂಹ ಜಾಗರಣ್ ಅದನ್ನು ಕೊಂಡಿತು. ಬೆಂಗಳೂರಿನ ಬಂಡವಾಳದಿಂದ ಹುಟ್ಟಿದ್ದು ರಾಜೀವ್ ಚಂದ್ರಶೇಖರ್ ಅವರ ಜುಪಿಟರ್ ಕ್ಯಾಪಿಟಲ್‌ನ ಇಂಡಿಗೋ ಒಂದೇ, ಅದು ಇಂಗ್ಲಿಷ್ ಮಾತಾಡಿತು. ಮಾಲೀಕ ನಮ್ಮ ಊರಿನವನಾದರೆ ಮಾತು ನಮ್ಮದಾಗುತ್ತದೆ ಎಂಬ ಸುಲಭದ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ.

ಎರಡನೆಯ ಆಕ್ಷೇಪ ಭಾಷೆಯ ಗುಣಮಟ್ಟದ್ದು. ಎಫ್‌ಎಂ ನಿರೂಪಕರು ಆಡುವುದು ಕನ್ನಡವೇ ಅಲ್ಲ, ಇಂಗ್ಲಿಷಿಗೆ ಕನ್ನಡದ ಪ್ರತ್ಯಯ ಅಂಟಿಸಿದ ಗಡಿಬಿಡಿಯ ಭಾಷೆ. ಆಕಾಶವಾಣಿಯ ತೂಕದ ಕನ್ನಡ ಕೇಳಿ ಬೆಳೆದವರಿಗೆ ಅದನ್ನು ಕನ್ನಡದ ಗೆಲುವು ಎಂದು ಹೇಗೆ ಒಪ್ಪಿಸುವುದು ಎಂದು ಕೇಳುವವರಿದ್ದಾರೆ. ಅವರ ಸಿಟ್ಟು ನ್ಯಾಯವಾದದ್ದು, ಗುರಿ ಮಾತ್ರ ತಪ್ಪಿದೆ. ಸಾಲಿಗೆ ನಾಲ್ಕು ಇಂಗ್ಲಿಷ್ ಪದ ಹಾಕುವುದು ಎಫ್‌ಎಂ ಕಂಡುಹಿಡಿದ ಚಾಳಿಯಲ್ಲ, ಯಶವಂತಪುರದ ಬಸ್ ನಿಲ್ದಾಣದಲ್ಲಿ, ಆರ್.ಟಿ. ನಗರದ ಕಾಫಿ ಅಂಗಡಿಯಲ್ಲಿ ಕೇಳಿಸುವ ಮಾತೇ ಅದು. ಆಕಾಶವಾಣಿ ಗ್ರಂಥಸ್ಥ ಕನ್ನಡವನ್ನು ಮೈಕಿನ ಮುಂದೆ ಕೂರಿಸಿದಾಗ ಆಡುಮಾತನ್ನು ನಾಟಕಕ್ಕೂ ರೈತರ ಕಾರ್ಯಕ್ರಮಕ್ಕೂ ಮೀಸಲಿಟ್ಟಿತ್ತು. ಖಾಸಗಿ ಎಫ್‌ಎಂ ಆಡುಮಾತಿಗೆ ನಿರೂಪಕನ ಕುರ್ಚಿ ಕೊಟ್ಟಿತು. ನನ್ನ ತಕರಾರು ಇರುವುದು ಬೇರೆ ಕಡೆ. ಆ ಕುರ್ಚಿ ಸಿಕ್ಕಿದ್ದು ಬೆಂಗಳೂರಿನ ಒಂದು ವಯಸ್ಸಿನ, ಒಂದು ಬಗೆಯ ಆಡುಮಾತಿಗೆ ಮಾತ್ರ. ಮಂಗಳೂರಿನ ಕೇಂದ್ರಗಳು ಕನ್ನಡದ ಜೊತೆ ತುಳುವನ್ನೂ ಬಳಸಿ ತಮ್ಮ ಊರಿನ ದನಿ ಉಳಿಸಿಕೊಂಡವು. ಬೆಂಗಳೂರಿನಲ್ಲಿ ಕೆಲಸಕ್ಕೆ ಬಂದ ಲಕ್ಷಾಂತರ ಉತ್ತರ ಕರ್ನಾಟಕದವರ ಮಾತು ಇಲ್ಲಿ ಕೇಳಿಸಿದ್ದು ಹೆಚ್ಚಾಗಿ ನಗೆಚಾಟಿಕೆಯ ಪಾತ್ರವಾಗಿ. ಮಾರುಕಟ್ಟೆ ಕನ್ನಡವನ್ನು ಕಂಡುಕೊಂಡಿತು, ಕನ್ನಡಗಳನ್ನು ಕಂಡುಕೊಳ್ಳಲಿಲ್ಲ.

ಮೂರನೆಯ ಆಕ್ಷೇಪವೇ ನನ್ನ ವಾದಕ್ಕೆ ಹೆಚ್ಚು ಅಪಾಯಕಾರಿ: ಈ ಲೆಕ್ಕಾಚಾರವೆಲ್ಲ ಹಳೆಯ ಕತೆ, ಮೊಬೈಲಿನಲ್ಲಿ ಬೇಕಾದ ಹಾಡು ಬೇಕಾದಾಗ ಸಿಗುವ ಕಾಲದಲ್ಲಿ ಎಫ್‌ಎಂನ ಹೆಸರು ಏನಾದರೇನು, ಮಾತು ಯಾವುದಾದರೇನು? ಕಂಪನಿಗಳ ನಡೆ ಈ ಆಕ್ಷೇಪಕ್ಕೆ ಬಲ ಕೊಡುತ್ತದೆ. ರೇಡಿಯೋ ಮಿರ್ಚಿ ತನ್ನ ಹೆಸರಿನಿಂದ ‘ರೇಡಿಯೋ’ವನ್ನೇ ಕಿತ್ತು ಬರಿಯ ಮಿರ್ಚಿ ಆಗಿದೆ. ರೇಡಿಯೋ ಒನ್ 2019ರಲ್ಲಿ ಫೀವರ್ ನಡೆಸುವ ಎಚ್‌ಟಿ ಮೀಡಿಯಾದ ಹಿಡಿತಕ್ಕೆ ಹೋಯಿತು. ಬಿಗ್ ಎಫ್‌ಎಂ ಅದೇ ವರ್ಷ ಹೊಸ ವೇಷ ತೊಟ್ಟಿತು, ಆದರೂ ಅದರ ಕಂಪನಿ ದಿವಾಳಿ ಪ್ರಕ್ರಿಯೆಗೆ ಸಿಕ್ಕಿ 2024ರಲ್ಲಿ ಸ್ಯಾಫೈರ್ ಮೀಡಿಯಾ ಎಂಬ ಸಂಸ್ಥೆಯ ಪಾಲಾಯಿತು. ಹೆಸರಿಗೆ ಬಣ್ಣ ಬಳಿದರೆ ಸಾಲ ತೀರುವುದಿಲ್ಲ. ಆದರೆ ಹಾಡಿನ ಪೈಪೋಟಿಯಲ್ಲಿ ಬಾನುಲಿ ಸೋತಿದೆ ಎಂದಾದರೆ ಅದಕ್ಕೆ ಉಳಿಯುವ ಬಂಡವಾಳ ಯಾವುದು? ಮೊಬೈಲ್ ಕೊಡಲಾರದ್ದು, ಅಂದರೆ ಇದೇ ಊರಿನವರು ಇದೇ ಗಳಿಗೆಯಲ್ಲಿ ಇದೇ ಊರಿನ ಬಗ್ಗೆ ಆಡುವ ಮಾತು. ಅಲ್ಲಿಗೆ ಬಂದರೆ ಕಾನೂನು ಮತ್ತೆ ಅಡ್ಡ ನಿಂತಿದೆ.

ಭಾರತದಲ್ಲಿ ಖಾಸಗಿ ಎಫ್‌ಎಂ ಕೇಂದ್ರ ತನ್ನದೇ ಸುದ್ದಿ ಓದುವಂತಿಲ್ಲ. ಟಿವಿಗೆ, ಪತ್ರಿಕೆಗೆ, ಯೂಟ್ಯೂಬ್ ನಡೆಸುವ ಯಾವ ಹುಡುಗನಿಗೂ ಇರುವ ಅವಕಾಶ ಕೋಟಿಗಟ್ಟಲೆ ಕಟ್ಟಿ ಪರವಾನಗಿ ಪಡೆದ ಬಾನುಲಿಗೆ ಇಲ್ಲ. ಮೂರನೆಯ ಹಂತದಲ್ಲಿ ಕೊಟ್ಟ ರಿಯಾಯಿತಿ ಎಂದರೆ ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ಬದಲಿಸದೆ ಮರುಪ್ರಸಾರ ಮಾಡಬಹುದು. ಸಂಚಾರ, ಹವಾಮಾನ, ಪರೀಕ್ಷೆ, ನೀರು ಕರೆಂಟಿನ ಮಾಹಿತಿ ಹೇಳಬಹುದು, ಅವು ಸುದ್ದಿಯಲ್ಲ ಎಂದು ಭಾವಿಸತಕ್ಕದ್ದು. ಸುಮಾರು 4,000 ಎಕರೆಯಲ್ಲಿ ಒಂದು ವಿಮಾನ ನಿಲ್ದಾಣ ಎದ್ದು, ಅದರ ಸುತ್ತಲಿನ ಹಳ್ಳಿಗಳ ನೆಲ, ನೀರು, ಕಸುಬು ಎಲ್ಲವೂ ಬದಲಾದವು. ಆ ಹಾದಿಯಲ್ಲಿಯೇ ಹೆಚ್ಚು ಕೇಳಿಸುವ ಮಾಧ್ಯಮ ಅದರ ಬಗ್ಗೆ ಹೇಳಬಹುದಾಗಿದ್ದ ಮಾತು ಸಾದಹಳ್ಳಿ ಟೋಲ್ ಹತ್ತಿರ ವಾಹನ ಸಾಲು ಎಷ್ಟು ಉದ್ದವಿದೆ ಎಂಬುದು. ಚಿಕ್ಕಜಾಲದ ಹೆಸರು ಎಫ್‌ಎಂನಲ್ಲಿ ಕೇಳಿಸುವುದು ಟ್ರಾಫಿಕ್ ಜಾಮ್ ಆದಾಗ. ಇದಕ್ಕೆ ರೆಡ್ ಎಂಬ ಹೆಸರನ್ನಾಗಲಿ ಮುಂಬೈಯ ಮಾಲೀಕನನ್ನಾಗಲಿ ದೂರಿ ಪ್ರಯೋಜನವಿಲ್ಲ. ಎಸ್ ಎಫ್‌ಎಂ ಎಂಬ ಹೆಸರೇ ಉಳಿದಿದ್ದರೂ, ಅಪ್ಪಟ ಕನ್ನಡದ ಹೆಸರೇ ಇದ್ದಿದ್ದರೂ ಸ್ಥಿತಿ ಇದೇ ಆಗಿರುತ್ತಿತ್ತು.

ಹೆಸರಿನ ಜಗಳಕ್ಕೆ ಮಾತ್ರ ನಮ್ಮಲ್ಲಿ ಶಕ್ತಿ ಕುಂದುವುದಿಲ್ಲ. 2023ರ ಮೇ ತಿಂಗಳಲ್ಲಿ ಪ್ರಸಾರ ಭಾರತಿ ‘ಆಲ್ ಇಂಡಿಯಾ ರೇಡಿಯೋ’ ಎಂಬುದನ್ನು ಪೂರ್ತಿ ಕೈಬಿಟ್ಟು ಆಕಾಶವಾಣಿ ಎಂದೇ ಹೇಳಬೇಕೆಂದು ಆದೇಶಿಸಿದಾಗ ತಮಿಳುನಾಡಿನಲ್ಲಿ ಪ್ರತಿಭಟನೆ ಎದ್ದಿತು. ಕರ್ನಾಟಕದಲ್ಲಿ ಯಾರೂ ಏಳಲಿಲ್ಲ. ಅದು ಮೈಸೂರಿನಿಂದ ಹೋದ ಹೆಸರು, ನಮಗೆ ಪರಕೀಯವೆನಿಸಲು ಕಾರಣವಿರಲಿಲ್ಲ. ಆದರೆ ಅದಾದ ಮರುವರ್ಷ, 2024ರ ಆಗಸ್ಟ್‌ನಲ್ಲಿ, ಕೇಂದ್ರ ಸಚಿವ ಸಂಪುಟ 234 ಹೊಸ ಊರುಗಳಲ್ಲಿ 730 ಖಾಸಗಿ ಎಫ್‌ಎಂ ಕೇಂದ್ರಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. ಬೆಳಗಾವಿ, ಬಳ್ಳಾರಿ, ದಾವಣಗೆರೆ, ಶಿವಮೊಗ್ಗ, ಹಾಸನ, ರಾಯಚೂರುಗಳಂಥ ನಮ್ಮ ಊರುಗಳು ಆ ಪಟ್ಟಿಯಲ್ಲಿವೆ. ಸ್ಥಳೀಯ ನುಡಿ, ಸಂಸ್ಕೃತಿಗಳಿಗೆ ಇದರಿಂದ ಬಲ ಬರುತ್ತದೆ ಎಂದು ಸರ್ಕಾರ ಹೇಳಿತು. ಹಾಡಿನ ಮಟ್ಟಿಗೆ ಅದು ನಿಜವಾಗುತ್ತದೆ. ಬೆಂಗಳೂರಿನಲ್ಲಿ ಆದದ್ದು ರಾಯಚೂರಿನಲ್ಲಿ ಆಗದೆ ಇರುವುದಿಲ್ಲ. ಬರಲಿರುವ ಕೇಂದ್ರಕ್ಕೆ ಯಾವ ಹೆಸರಿಡಬೇಕೆಂದು ಚಳವಳಿ ಹೂಡುವುದಕ್ಕಿಂತ ಮೊದಲು ಕನ್ನಡ ಸಂಘಟನೆಗಳು, ನಮ್ಮ ಸಂಸದರು, ರಾಜ್ಯ ಸರ್ಕಾರ ಒಂದು ಷರತ್ತಿನ ಬಗ್ಗೆ ಬಾಯಿ ಬಿಡಬೇಕು: ಊರಿನ ಸುದ್ದಿಯನ್ನು ಊರಿನ ಕೇಂದ್ರವೇ ಸಂಗ್ರಹಿಸಿ ಓದುವ ಹಕ್ಕು. ಇದು ಹರಾಜಿನ ಷರತ್ತಿನಲ್ಲಿ ಸೇರಬೇಕಾದದ್ದು. ಮೂರನೆಯ ಹಂತದ ಪರವಾನಗಿಯ ಅವಧಿ 15 ವರ್ಷ. ಒಮ್ಮೆ ಸಹಿ ಬಿದ್ದ ಮೇಲೆ ಕೇಳಲು ಅಷ್ಟು ಕಾಲ ಕಾಯಬೇಕಾಗುತ್ತದೆ.